ಗ್ರಂಥಪಾಲಕರನ್ನು ಇಂಗ್ಲಿಷಿನಲ್ಲಿ ಅಳೆಯಬೇಡಿ

ಗ್ರಂಥಾಲಯಗಳ ಕುರಿತ ವಿಚಾರ ಸಂಕಿರಣಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ನಮ್ಮ ಗ್ರಂಥಪಾಲಕರ ಇಂಗ್ಲಿಷ್ ಸಾಲದು, ಅದಕ್ಕೇ ನಮ್ಮ ಗ್ರಂಥಾಲಯಗಳು ಹಿಂದೆ ಬಿದ್ದಿವೆ, ಇನ್ನು ಮುಂದೆ ನೇಮಕಾತಿಯ ಹೊತ್ತಿಗೇ ಇಂಗ್ಲಿಷ್ ಪರೀಕ್ಷೆ ಇಟ್ಟು ಗೆದ್ದವರನ್ನಷ್ಟೇ ಒಳಗೆ ಬಿಟ್ಟುಕೊಳ್ಳಬೇಕು ಎಂಬ ಮಾತು. ಹೀಗೆ ಹೇಳುವವರಲ್ಲಿ ಗ್ರಂಥಾಲಯ ವಿಜ್ಞಾನವನ್ನು ವರ್ಷಗಟ್ಟಲೆ ಕಲಿಸಿದವರಿದ್ದಾರೆ, ದೊಡ್ಡ ಸಂಸ್ಥೆಗಳ ಗ್ರಂಥಾಲಯ ನಡೆಸಿದವರಿದ್ದಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರ ತೀರ್ಮಾನ ತಪ್ಪು. ಗ್ರಂಥಪಾಲಕರಿಗೆ ಇಂಗ್ಲಿಷ್ ಬೇಕು. ಓದಿ ತಿಳಿಯುವಷ್ಟು ಬೇಕು, ಅದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಸಬಹುದು. ಒಬ್ಬರು ಈ ಕೆಲಸಕ್ಕೆ ಯೋಗ್ಯರೋ ಅಲ್ಲವೋ ಎಂದು ತೂಗಿನೋಡುವಾಗ ಮಾತ್ರ ನೋಡಬೇಕಾದ್ದು ಓದುಗರ ಭಾಷೆಯ ಮೇಲೆ ಅವರಿಗಿರುವ ಹಿಡಿತವನ್ನು. ಎದುರಿನ ವಾದಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರಿಸುತ್ತೇನೆ.

ಮೊದಲನೆಯ ವಾದ ಇದು: ಗ್ರಂಥಾಲಯ ಶಾಸ್ತ್ರವೇ ಇಂಗ್ಲಿಷಿನಲ್ಲಿದೆ, ವರ್ಗೀಕರಣ ಮತ್ತು ಸೂಚೀಕರಣದ ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ, ಆ ಭಾಷೆ ಚೆನ್ನಾಗಿ ಬಾರದವರು ಕೆಲಸ ಮಾಡುವುದಾದರೂ ಹೇಗೆ?

ಇದರಲ್ಲಿ ಅರ್ಧ ನಿಜವಿದೆ. ನಮ್ಮ ಬಹುಪಾಲು ಗ್ರಂಥಾಲಯಗಳು ಬಳಸುವ ಡ್ಯೂಯಿ ದಶಮಾಂಶ ವರ್ಗೀಕರಣ 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ವಿಭಾಗವೇ ಮೀಸಲು. ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು 894.814. ಟರ್ಕಿಶ್, ಹಂಗೇರಿಯನ್, ಫಿನ್ನಿಶ್ ಸಾಹಿತ್ಯಗಳೂ ಇರುವ 894ರೊಳಗೆ, ದ್ರಾವಿಡ ಭಾಷೆಗಳ ಸಾಲಿನಲ್ಲಿ ಒಂದು ಮೂಲೆ. ಇಂಗ್ಲಿಷ್ ಕಾದಂಬರಿಗೆ 823 ಸಾಕು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಬೆನ್ನಿಗೆ 894.8143 ಎಂದು ಬರೆದು ಅಂಟಿಸಬೇಕು. ಇದಕ್ಕೆ ಪರಿಹಾರವೂ ಡ್ಯೂಯಿಯ ಹೊತ್ತಗೆಯಲ್ಲೇ ಇದೆ. ಯಾವುದೇ ನಾಡಿನ ಗ್ರಂಥಾಲಯ ತನ್ನ ಸಾಹಿತ್ಯವನ್ನು ಬೇಕಾದರೆ 810ರ ಜಾಗಕ್ಕೆ ತಂದುಕೊಳ್ಳಬಹುದು, ಇಲ್ಲವೇ ಒಂದು ಅಕ್ಷರ ಸೇರಿಸಿ ಅದಕ್ಕೇ ಪ್ರತ್ಯೇಕ ಸ್ಥಾನ ಕೊಡಬಹುದು ಎಂಬ ಐಚ್ಛಿಕ ಅವಕಾಶವನ್ನು ಅದು ಕೊಡುತ್ತದೆ. ಇದನ್ನು ಕಂಡುಕೊಳ್ಳಬೇಕಾದರೆ ಇಂಗ್ಲಿಷ್ ಓದಲು ಬರಬೇಕು. ಒಪ್ಪಿದೆ. ಆದರೆ ಆ ಇಂಗ್ಲಿಷ್ ಎಂಥದ್ದು? ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ನಿಯಮವನ್ನು ನಿಧಾನವಾಗಿ ಓದುವ ಇಂಗ್ಲಿಷ್. ಸಂದರ್ಶನದ ಮೇಜಿನ ಮುಂದೆ ಪಟಪಟನೆ ಮಾತಾಡಿಸಿ ಅದನ್ನು ಪರೀಕ್ಷಿಸಲಾಗದು. ಇನ್ನು, ಈ ಅವಕಾಶ ನಮಗೆ ಬೇಕು ಎಂಬ ಯೋಚನೆ ಬರುವುದೇ ವಚನ ಎಲ್ಲಿ, ತತ್ವಪದ ಎಲ್ಲಿ, ಬಯಲಾಟ ಎಲ್ಲಿ ಎಂದು ಕಪಾಟಿನ ಮುಂದೆ ತಡಕಾಡುವ ಓದುಗರ ಜೊತೆ ನಿಂತವರಿಗೆ.

ಸೂಚೀಕರಣಕ್ಕೆ ಬಂದರೆ ವಾದ ಇನ್ನಷ್ಟು ಸಡಿಲವಾಗುತ್ತದೆ. ಲೇಖಕರ ಹೆಸರನ್ನು ಯಾವ ಪದದ ಕೆಳಗೆ ದಾಖಲಿಸಬೇಕು ಎಂಬುದು ಸೂಚೀಕರಣದ ದಿನನಿತ್ಯದ ಪ್ರಶ್ನೆ. ಪಶ್ಚಿಮದಿಂದ ಬಂದ ತಂತ್ರಾಂಶ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ತೋರಿಸುತ್ತದೆ. ದ.ರಾ. ಬೇಂದ್ರೆಯವರಲ್ಲಿ ಬೇಂದ್ರೆ ಮನೆತನದ ಹೆಸರು. ಕೆ.ಎಸ್. ನರಸಿಂಹಸ್ವಾಮಿಯವರಲ್ಲಿ ಕಿಕ್ಕೇರಿ ಊರು, ಸುಬ್ಬರಾವ್ ತಂದೆ, ನರಸಿಂಹಸ್ವಾಮಿ ಅವರದೇ ಹೆಸರು. ಎಸ್.ಎಲ್. ಭೈರಪ್ಪನವರ ಎಸ್ ಎಂದರೆ ಸಂತೇಶಿವರ. ತ್ರಿವೇಣಿ, ಬೀಚಿ, ಕುವೆಂಪು ಇವೆಲ್ಲ ಕಾವ್ಯನಾಮಗಳು. ಓದುಗ ಕೇಳಿಕೊಂಡು ಬರುವುದು ಆ ಹೆಸರುಗಳನ್ನೇ. ವಚನಕಾರರದ್ದು ಅಂಕಿತದ ಲೋಕ. ಯಾವುದು ಊರು, ಯಾವುದು ಮನೆತನ, ಯಾವುದು ಅಂಕಿತ ಎಂದು ಹೇಳಬಲ್ಲ ಇಂಗ್ಲಿಷ್ ಪರೀಕ್ಷೆ ಎಲ್ಲೂ ಇಲ್ಲ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಎಸ್ ಕೂಡ ಅವರ ಊರು ಶಿಯಾಳಿ, ಆರ್ ಅವರ ತಂದೆ ರಾಮಾಮೃತ. ಅವರು ಲಂಡನ್ನಿನಲ್ಲಿ ಕಲಿತು ಬಂದರೂ, 1934ರಲ್ಲಿ ಸ್ವಂತ ಸೂಚೀಕರಣ ಸಂಹಿತೆಯನ್ನೇ ಬರೆದರು. ದಕ್ಷಿಣ ಭಾರತದ ಹೆಸರುಗಳು ಆಂಗ್ಲ ನಿಯಮಕ್ಕೆ ಒಗ್ಗುವುದಿಲ್ಲ ಎಂಬುದು ಅವರಿಗೆ ತಮ್ಮ ಹೆಸರಿನಿಂದಲೇ ಗೊತ್ತಿತ್ತು.

‘ಅಂತಾರಾಷ್ಟ್ರೀಯ ಮಾನದಂಡ’ ಎಂದು ಎದುರಿನವರು ಮತ್ತೆ ಮತ್ತೆ ಹೇಳುತ್ತಾರಲ್ಲ, ಆ ಮಾನದಂಡವನ್ನೇ ತೆರೆದು ನೋಡೋಣ. ಗ್ರಂಥಾಲಯ ಸಂಘಗಳ ಜಾಗತಿಕ ಒಕ್ಕೂಟವಾದ ಇಫ್ಲಾ 2009ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ಸೂಚೀಕರಣ ತತ್ವಗಳಲ್ಲಿ ಎಲ್ಲಕ್ಕಿಂತ ಮೇಲಿನದು ಬಳಕೆದಾರರ ಅನುಕೂಲ. ಪಟ್ಟಿಯಲ್ಲಿ ಅದರ ನಂತರ ಬರುವುದು, ಸೂಚಿಯಲ್ಲಿ ಬಳಸುವ ಪದಗಳು ಬಹುಪಾಲು ಬಳಕೆದಾರರು ಬಳಸುವ ಪದಗಳೇ ಆಗಿರಬೇಕು ಎಂಬ ತತ್ವ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯದ ಬಹುಪಾಲು ಬಳಕೆದಾರರು ಯಾರು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ವಾದ: ಇಷ್ಟೊಂದು ಲಿಪಿಗಳಿರುವ ದೇಶದಲ್ಲಿ ಎಲ್ಲ ಭಾಷೆಯ ಪುಸ್ತಕಗಳನ್ನೂ ರೋಮನ್ ಲಿಪಿಯಲ್ಲಿ ದಾಖಲಿಸಿದರೆ ಒಂದೇ ಸೂಚಿ ಸಾಕಾಗುತ್ತದೆ, ಅದಕ್ಕೆ ಇಂಗ್ಲಿಷ್ ಬಲ್ಲ ಗ್ರಂಥಪಾಲಕರೇ ಬೇಕು.

ಕೋಲ್ಕತ್ತದಿಂದ 1950ರ ದಶಕದ ಕೊನೆಯಲ್ಲಿ ಹೊರಬರತೊಡಗಿದ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಹಿಡಿದದ್ದು ಇದೇ ದಾರಿ. ಎಲ್ಲ ಭಾಷೆಗಳ ಪುಸ್ತಕಗಳನ್ನೂ ರೋಮನ್ ಲಿಪಿಗಿಳಿಸಿ ಒಂದೇ ಕ್ರಮದಲ್ಲಿ ಜೋಡಿಸಿದರು. ಅಚ್ಚುಮೊಳೆಯ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ಆ ಕೆಲಸ ಮಾಡಿದವರ ಮೇಲೆ ನನಗೆ ಗೌರವವಿದೆ. ಆ ವ್ಯವಸ್ಥೆಯನ್ನೇ ಇಂದು ಓದುಗರ ಮುಂದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಕಲಬುರಗಿ ಸೀಮೆಯ ಒಂದು ತಾಲ್ಲೂಕು ಗ್ರಂಥಾಲಯ. ತೊಗರಿ ಹೂ ಬಿಡುವ ಹೊತ್ತು. ನಡುವಯಸ್ಸಿನ ರೈತರೊಬ್ಬರು ಬಂದು, ಒಣಗಿದ ತೊಗರಿ ಗಿಡವೊಂದನ್ನು ಬೇರುಸಮೇತ ಮೇಜಿನ ಮೇಲಿಟ್ಟು, “ತೊಗರಿಗಿ ನೆಟಿ ರೋಗ ಬಿದ್ದದ್ರಿ ಸರ, ಅದರ ಮ್ಯಾಲ ಪುಸ್ತಕ ಏನರ ಅದ ಏನ್ರಿ?” ಎಂದು ಕೇಳಿದರು. ಮೇಜಿನ ಆಚೆ ಇದ್ದ ಗ್ರಂಥಪಾಲಕರು ಚುರುಕಾದ ಯುವಕ, ಸ್ನಾತಕೋತ್ತರ ಪದವೀಧರ, ಬೇರೆ ಜಿಲ್ಲೆಯವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ನೆಟೆ ರೋಗ ಎಂಬ ಮಾತು ಅವರು ಕೇಳಿದ್ದಲ್ಲ. ಕಂಪ್ಯೂಟರಿನಲ್ಲಿ ರೋಮನ್ ಅಕ್ಷರದಲ್ಲಿ ಬಗೆಬಗೆಯಾಗಿ ಹೊಡೆದು ನೋಡಿದರು, ಬರಲಿಲ್ಲ. ತೊಗರಿ ಎಂದು ಹೊಡೆದರು, ಅದೂ ಬರಲಿಲ್ಲ. ಇಲ್ಲ ಎಂದರು. ರೈತರು ಗಿಡ ಎತ್ತಿಕೊಂಡು ಹೊರಟರು. ಆ ಮೇಲೆ ಕೃಷಿಯ ಕಪಾಟಿನಲ್ಲಿ ನಾವಿಬ್ಬರೂ ಸೇರಿ ಹುಡುಕಿದಾಗ ಕೃಷಿ ವಿಶ್ವವಿದ್ಯಾಲಯದ ತೊಗರಿ ಬೇಸಾಯದ ಕನ್ನಡ ಕೈಪಿಡಿ ಸಿಕ್ಕಿತು. ನೆಟೆ ರೋಗಕ್ಕೆ ಅದರಲ್ಲಿ ಚಿತ್ರಸಮೇತ ಒಂದು ಅಧ್ಯಾಯವೇ ಇತ್ತು. ಪುಸ್ತಕವನ್ನು ದಾಖಲಿಸಿದವರು ಟಿ ಅಕ್ಷರದ ಮುಂದೆ ಎಚ್ ಸೇರಿಸಿ ಬರೆದಿದ್ದರು. ಯುವಕರು ಎಚ್ ಇಲ್ಲದೆ ಹುಡುಕಿದ್ದರು. ತಪ್ಪು ಅವರದ್ದಲ್ಲ, ದಾಖಲಿಸಿದವರದ್ದೂ ಅಲ್ಲ. ಕನ್ನಡದಲ್ಲಿ ತೊಗರಿಗೆ ಒಂದೇ ಕಾಗುಣಿತ; ರೋಮನ್ನಿನಲ್ಲಿ ಬರೆದವರ ಕೈಗೆ ತಕ್ಕಂತೆ ಮೂರೋ ನಾಲ್ಕೋ. ಬೆಲೆ, ಬೆಳೆ, ಬೇಳೆ ಮೂರೂ ಅಲ್ಲಿ ಒಂದೇ ಪದವಾಗಿಬಿಡುತ್ತವೆ. ಅಡಿಗೆ ಚುಕ್ಕಿ, ತಲೆಗೆ ಗೆರೆ ಇಟ್ಟು ಬೇರ್ಪಡಿಸುವ ವಿದ್ವಾಂಸರ ಪದ್ಧತಿ ಇದೆ, ನಿಜ. ಆ ಚುಕ್ಕಿಯನ್ನು ಕೀಲಿಮಣೆಯಲ್ಲಿ ಹುಡುಕಿ ಒತ್ತುವ ಓದುಗರನ್ನು ನಾನು ಕಂಡಿಲ್ಲ.

ಕಂಪ್ಯೂಟರಿಗೆ ಕನ್ನಡ ಬಾರದು ಎಂಬ ನೆಪವೂ ಈಗ ನಿಲ್ಲುವುದಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಜಗತ್ತಿನಾದ್ಯಂತ ಉಚಿತವಾಗಿ ಬಳಕೆಯಲ್ಲಿರುವ ಕೋಹಾ ಗ್ರಂಥಾಲಯ ತಂತ್ರಾಂಶವಾಗಲಿ, ನಮ್ಮ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ಇ-ಗ್ರಂಥಾಲಯವಾಗಲಿ ಕನ್ನಡ ಲಿಪಿಯಲ್ಲಿ ದಾಖಲಿಸಲು, ಹುಡುಕಲು ಬಿಡುತ್ತವೆ. ಇಲ್ಲದಿರುವುದು ಕನ್ನಡ ಕೀಲಿಮಣೆಯ ಅಭ್ಯಾಸ, ಹಳೆಯ ಅಕ್ಷರಶೈಲಿಗಳಲ್ಲಿ ಸಿಕ್ಕಿಕೊಂಡ ದಾಖಲೆಗಳನ್ನು ಯೂನಿಕೋಡಿಗೆ ತರುವ ತಾಳ್ಮೆ, ಕನ್ನಡ ವಿಷಯಶೀರ್ಷಿಕೆಗಳ ಒಂದು ಸಮಗ್ರ ಪಟ್ಟಿ. ಈ ಮೂರರಲ್ಲಿ ಒಂದನ್ನೂ ಇಂಗ್ಲಿಷ್ ಪರೀಕ್ಷೆ ತಂದುಕೊಡುವುದಿಲ್ಲ.

ಮೂರನೆಯದು: ಬಹುಭಾಷಾ ದೇಶದಲ್ಲಿ ಇಂಗ್ಲಿಷ್ ಯಾರ ಪರವೂ ಅಲ್ಲ, ಎಲ್ಲರಿಗೂ ಸಮಾನ, ಕನ್ನಡ ಮೊದಲು ಎಂದರೆ ಉರ್ದು, ಮರಾಠಿ, ತೆಲುಗು ಓದುಗರಿಗೆ ಅನ್ಯಾಯ.

2011ರ ಜನಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆಯಾಗಿ ಬರೆಸಿದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ. ಎರಡನೆಯ, ಮೂರನೆಯ ಭಾಷೆಯಾಗಿ ಬಲ್ಲವರನ್ನೂ ಸೇರಿಸಿದರೆ ಸುಮಾರು 12.9 ಕೋಟಿ, ಅಂದರೆ ಹತ್ತು ಜನರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಉಳಿದ ಒಂಬತ್ತು ಮಂದಿಗೆ ಅದು ಸಮಾನವಾಗಿ ದೂರ. ಬೀದರಿನ ಉರ್ದು ಓದುಗರಿಗೆ, ನಿಪ್ಪಾಣಿಯ ಮರಾಠಿ ಓದುಗರಿಗೆ, ಬಳ್ಳಾರಿಯ ತೆಲುಗು ಓದುಗರಿಗೆ ಆಗುತ್ತಿರುವ ಅನ್ಯಾಯ ನಿಜವಾದದ್ದು. ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕವನ್ನು ತಲೆಕೆಳಗಾಗಿ ಜೋಡಿಸಿಟ್ಟ ಕಪಾಟುಗಳನ್ನು ನಾನು ನೋಡಿದ್ದೇನೆ. ಅದಕ್ಕೆ ಮದ್ದು ಆ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಉರ್ದುವನ್ನೋ ಮರಾಠಿಯನ್ನೋ ತೆಲುಗನ್ನೋ ಓದಬಲ್ಲವರನ್ನು ನೇಮಿಸುವುದು. ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ ಕಿವಿಗೆ ಬಿದ್ದರೆ ತಿಳಿಯುವವರು ಬೇಕು. ಬಹುಭಾಷೆಯ ನಾಡಿಗೆ ಬಹುಭಾಷೆ ಬಲ್ಲ ಸಿಬ್ಬಂದಿಯೇ ಉತ್ತರ.

ನಾಲ್ಕನೆಯ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ಉಳ್ಳವರ ಮಕ್ಕಳು ಶುಲ್ಕ ಕಟ್ಟಿ ಇಂಗ್ಲಿಷ್ ಕಲಿಯುತ್ತಾರೆ; ಬಡವರ ಮಕ್ಕಳಿಗೆ ಉಳಿದಿರುವುದು ಸಾರ್ವಜನಿಕ ಗ್ರಂಥಾಲಯ ಒಂದೇ; ಅಲ್ಲಿಯೂ ಇಂಗ್ಲಿಷ್ ಬಲ್ಲವರಿಲ್ಲದಿದ್ದರೆ ಆ ಮಕ್ಕಳ ದಾರಿ ಮುಚ್ಚಿದಂತಲ್ಲವೇ ಎಂದು ಕೇಳುತ್ತಾರೆ.

ಆ ಮಕ್ಕಳಿಗೆ ಇಂಗ್ಲಿಷ್ ಬೇಕು. ತಾಯ್ತಂದೆಯರು ಅದಕ್ಕಾಗಿ ಹೊಟ್ಟೆಬಟ್ಟೆ ಕಟ್ಟುತ್ತಿದ್ದಾರೆ. ಅವರ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಗ್ರಂಥಾಲಯದಲ್ಲಿ ಮಗುವಿಗೆ ಇಂಗ್ಲಿಷ್ ದಕ್ಕುವುದು ಹೇಗೆ ಎಂದು ಹತ್ತಿರ ನಿಂತು ನೋಡಬೇಕು. ಐದನೆಯ ತರಗತಿಯ ಹುಡುಗಿಗೆ ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟರೆ ಮರುದಿನವೇ ತಂದಿಟ್ಟು ಹೋಗುತ್ತಾಳೆ. ಒಂದು ಪುಟಕ್ಕೆ ಎರಡು ಸಾಲು, ದೊಡ್ಡ ಚಿತ್ರ, ಅದೇ ಕಥೆ ಕನ್ನಡದಲ್ಲೂ ಇರುವ ಪುಸ್ತಕ ಕೊಟ್ಟರೆ ಮೊದಲು ಕನ್ನಡದ್ದನ್ನು ಓದಿ, ಆಮೇಲೆ ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟು ಹೊಂದಿಸಿಕೊಳ್ಳುತ್ತಾಳೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡ, ಇಂಗ್ಲಿಷ್, ಉರ್ದು, ತೆಲುಗುಗಳಲ್ಲಿ 2015ರಿಂದ ಉಚಿತವಾಗಿ ಸಿಗುತ್ತಿದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಅದರ ಮಾತಿನಿಂದಲೇ ತಿಳಿದು ಪುಸ್ತಕ ಆರಿಸಿ ಕೊಡಬಲ್ಲ ಗ್ರಂಥಪಾಲಕಿ ಅಲ್ಲಿ ಬೇಕು. ಆಕೆಗೆ ಆ ಎರಡು ಸಾಲಿನ ಇಂಗ್ಲಿಷ್ ಬರಬೇಕು, ಬಾರದಿದ್ದರೆ ಇಲಾಖೆ ಕಲಿಸಬೇಕು. ಮಗುವಿನ ಜೊತೆ ಮಗುವಿನ ಭಾಷೆಯಲ್ಲಿ ಮಾತಾಡಲು ಬಾರದವರ ಇಂಗ್ಲಿಷ್ ಎಷ್ಟೇ ಶುದ್ಧವಾಗಿರಲಿ, ಆ ಮಗುವಿಗೆ ಪ್ರಯೋಜನವಿಲ್ಲ.

ಕರ್ನಾಟಕದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರಗಳೆಂದು ಕರೆಸಿಕೊಳ್ಳುತ್ತಿವೆ. ಅವನ್ನು ನಡೆಸುವ ಮೇಲ್ವಿಚಾರಕರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದ ಅದೇ ಊರಿನವರು. ಇಂಗ್ಲಿಷ್ ಪರೀಕ್ಷೆ ಬಂದರೆ ಮೊದಲು ಹೊರಬೀಳುವವರು ಇವರು ಮತ್ತು ಇವರಂತೆ ಗ್ರಂಥಾಲಯ ವಿಜ್ಞಾನ ಓದಿ ಹೊರಬರುತ್ತಿರುವ ಹಳ್ಳಿಯ ಹೆಣ್ಣುಮಕ್ಕಳು. ಆ ಜಾಗಕ್ಕೆ ನಗರದ ಇಂಗ್ಲಿಷ್ ಶಾಲೆಯಲ್ಲಿ ಕಲಿತವರು ಬರುತ್ತಾರೆ, ಬಂದ ದಿನದಿಂದಲೇ ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ಬಡವರ ಹೆಸರಿನಲ್ಲಿ ತರುವ ನಿಯಮ ಬಡವರನ್ನೇ ಕೆಲಸದಿಂದ ದೂರ ಇಡುತ್ತದೆ. ಈ ಮಾತಿಗೆ ಎದುರಿನವರಿಂದ ನನಗೆ ಈವರೆಗೆ ಉತ್ತರ ಬಂದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾದರೂ ಇಂಗ್ಲಿಷ್ ಬಲ್ಲ ಗ್ರಂಥಪಾಲಕರು ಬೇಡವೇ ಎನ್ನುತ್ತಾರೆ. ತಾಲ್ಲೂಕು ಗ್ರಂಥಾಲಯಗಳ ಓದುಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರುವ ಆ ಯುವಕ ಯುವತಿಯರಲ್ಲಿ ಬಹುಪಾಲು ಮಂದಿ ಪರೀಕ್ಷೆ ಬರೆಯುವುದು ಕನ್ನಡದಲ್ಲಿ. 2024ರಲ್ಲಿ ಕೆಪಿಎಸ್‌ಸಿಯ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅನುವಾದದ ತಪ್ಪುಗಳಿಂದ ತುಂಬಿ, ಮರುಪರೀಕ್ಷೆ ನಡೆಸಿ, ಅದರಲ್ಲೂ ತಪ್ಪುಗಳು ಬಂದು ಆ ಮಕ್ಕಳು ಪಟ್ಟ ಪಾಡನ್ನು ನಾಡು ನೋಡಿದೆ. ಇಂಗ್ಲಿಷೇ ಮೂಲ, ಕನ್ನಡ ಅದರ ನೆರಳು ಎಂದು ಕಚೇರಿಗಳು ನಡೆದುಕೊಂಡರೆ ಆಗುವುದು ಹೀಗೆಯೇ.

ಐದನೆಯದು, ಜಗತ್ತಿನ ಜ್ಞಾನವೆಲ್ಲ ಇಂಗ್ಲಿಷಿನಲ್ಲಿದೆ ಎಂಬುದು. ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತದೆ. ಅವುಗಳ ಬಹುಭಾಗ ಇಂಗ್ಲಿಷ್. ಅಲ್ಲಿನ ಗ್ರಂಥಪಾಲಕರಿಗೆ ಒಳ್ಳೆಯ ಇಂಗ್ಲಿಷ್ ಬೇಕೇ ಬೇಕು. ಆ ಕೆಲವೇ ಹುದ್ದೆಗಳ ಅಳತೆಗೋಲನ್ನು ಹಳ್ಳಿಯ ಅರಿವು ಕೇಂದ್ರಕ್ಕೂ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಜಗತ್ತಿನಿಂದ ಪಡೆಯುವ ಮಾತಾಯಿತು, ಇನ್ನು ಜಗತ್ತಿಗೆ ಕೊಡುವ ಮಾತಾಡೋಣ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಒಂದು ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಸಂಸ್ಕೃತ ಪಠ್ಯವನ್ನು 1909ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು 1915ರಲ್ಲಿ. ಅವರ ಇಂಗ್ಲಿಷ್ ಆ ಕೃತಿಯನ್ನು ಲೋಕಕ್ಕೆ ಮುಟ್ಟಿಸಿತು, ಆ ಉಪಕಾರ ದೊಡ್ಡದು. ಆದರೆ ಲಿಪಿ ಓದಲು ಬಾರದಿದ್ದರೆ ಆ ಕಟ್ಟು ನೂರಾರು ಕಟ್ಟುಗಳ ನಡುವೆ ಇನ್ನೊಂದಾಗಿ ಉಳಿಯುತ್ತಿತ್ತು. ನಮ್ಮ ಗ್ರಂಥಾಲಯಗಳಲ್ಲಿ ಇಂದಿಗೂ ತಿಗಳಾರಿ, ನಂದಿನಾಗರಿ, ಮೋಡಿ ಲಿಪಿಯ ಕಟ್ಟುಗಳಿವೆ. ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪ್ರಾವೀಣ್ಯದ ಕೊರತೆ ಎಂದು ಕಳವಳಪಡುವವರು ಈ ಕೊರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇಂಗ್ಲಿಷ್ ಕಡಿಮೆಯಾದರೆ ಗ್ರಂಥಾಲಯ ಚಳವಳಿಯ ಮಟ್ಟ ಇಳಿಯುತ್ತದೆ ಎಂಬ ಕೊನೆಯ ಮಾತಿಗೆ ಚರಿತ್ರೆಯೇ ಉತ್ತರ. ಬರೋಡಾದ ಮಹಾರಾಜ ಸಯಾಜಿರಾವ್ 1910ರಲ್ಲಿ ಬಾರ್ಡನ್ ಎಂಬ ಅಮೆರಿಕದ ಗ್ರಂಥಪಾಲಕರನ್ನು ಕರೆಸಿಕೊಂಡರು; ಆದರೆ ಅಲ್ಲಿಂದ 1912ರಲ್ಲಿ ಹೊರಟ ಗ್ರಂಥಾಲಯ ಪತ್ರಿಕೆ ಇಂಗ್ಲಿಷ್, ಗುಜರಾತಿ, ಮರಾಠಿ ಮೂರರಲ್ಲೂ ಇತ್ತು. ಆಂಧ್ರದಲ್ಲಿ ಅಯ್ಯಂಕಿ ವೆಂಕಟರಮಣಯ್ಯನವರು ಕಟ್ಟಿದ ಚಳವಳಿ ತೆಲುಗಿನದು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಿಂದ ಊರೂರು ಸುತ್ತಿ ಬೆಳೆಸಿದ ಗ್ರಂಥಶಾಲಾ ಸಂಘ ಮಲಯಾಳದ್ದು. ಯುನೆಸ್ಕೋ 1975ರಲ್ಲಿ ಕ್ರುಪ್ಸ್‌ಕಾಯಾ ಪ್ರಶಸ್ತಿ ಕೊಟ್ಟು ಗೌರವಿಸಿದ್ದು ಅದನ್ನೇ.

ಇಲ್ಲಿಯವರೆಗೆ ನನ್ನ ಮಾತಿಗೆ ತಲೆದೂಗಿದ ಕೆಲವರಿಗೂ ಒಂದು ಮಾತು ಹೇಳಬೇಕು. ಕನ್ನಡ ನಾಡಿನ ಗ್ರಂಥಾಲಯಕ್ಕೆ ಇಂಗ್ಲಿಷೇ ಬೇಡ ಎನ್ನುವವರೂ ತಪ್ಪು ಹಾದಿಯಲ್ಲಿದ್ದಾರೆ. ಡ್ಯೂಯಿಯ ಐಚ್ಛಿಕ ನಿಯಮ, ಕೋಹಾದ ಕೈಪಿಡಿ, ಔಷಧ ಮತ್ತು ಕೃಷಿಯ ಹೊಸ ಬರಹಗಳು ಇಂಗ್ಲಿಷಿನಲ್ಲಿವೆ. ನೆಟೆ ರೋಗಕ್ಕೆ ಫ್ಯುಸೇರಿಯಂ ವಿಲ್ಟ್ ಎಂಬ ಹೆಸರೂ ಇದೆ ಎಂದು ಗೊತ್ತಿರುವ ಗ್ರಂಥಪಾಲಕರು ಆ ರೈತರಿಗೆ ಕನ್ನಡದ ಕೈಪಿಡಿಯ ಆಚೆಗಿನದನ್ನೂ ಹುಡುಕಿ, ಓದಿ ಹೇಳಬಲ್ಲರು.

ಹಾಗಾದರೆ ನೇಮಕಾತಿ ಹೇಗಿರಬೇಕು? ಅಭ್ಯರ್ಥಿಯ ಕೈಗೆ ಒಂದು ಕನ್ನಡ ಪುಸ್ತಕ ಕೊಡಿ, ಕನ್ನಡ ಲಿಪಿಯಲ್ಲಿ ದಾಖಲಿಸಲಿ. ಆ ಜಿಲ್ಲೆಯ ಮಾತಿನಲ್ಲಿ ಬರುವ ಓದುಗರ ಪ್ರಶ್ನೆ ಕೇಳಿ, ಪುಸ್ತಕ ಹುಡುಕಿ ಕೊಡಲಿ. ಜಿಲ್ಲೆಯ ಎರಡನೆಯ ಭಾಷೆ ಬಲ್ಲವರಿಗೆ ಹೆಚ್ಚಿನ ಅಂಕ ಕೊಡಿ. ಇಂಗ್ಲಿಷಿನಲ್ಲಿ ಒಂದು ಪುಟ ನಿಯಮವನ್ನು ಓದಿ ಅರ್ಥ ಹೇಳಿಸಿ. ತಡವರಿಸಿದರೆ ತಿರಸ್ಕರಿಸಬೇಡಿ, ಕೆಲಸಕ್ಕೆ ತೆಗೆದುಕೊಂಡು ಸರ್ಕಾರದ ಖರ್ಚಿನಲ್ಲಿ ಕಲಿಸಿ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಆ ಗ್ರಂಥಾಲಯ ನಿಮ್ಮದು. ಈ ವಾರ ಅಲ್ಲಿಗೆ ಹೋಗಿ, ನಿಮ್ಮ ಮನೆಮಾತಿನಲ್ಲೇ ಒಂದು ಪುಸ್ತಕ ಕೇಳಿ. ಸೂಚಿಯನ್ನು ಕನ್ನಡ ಲಿಪಿಯಲ್ಲಿ ಹುಡುಕಲು ಆಗದಿದ್ದರೆ, ಆಗುತ್ತಿಲ್ಲ ಎಂದು ಅಲ್ಲಿನ ಸಲಹಾ ಪುಸ್ತಕದಲ್ಲಿ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಬನ್ನಿ.